ವಿನೆಗರ್, ಉಪ್ಪು, ಸೋಪು: ಕಳೆಗೆ ಮನೆಮದ್ದು ಹೊಡೆಯುವ ಮುಂಚೆ

ಈ ವಾರ ಮತ್ತೆ ಮೂವರು ಅದೇ ವಿಡಿಯೋ ಕಳಿಸಿದ್ದಾರೆ. ಬಕೆಟ್‌ಗೆ ವಿನೆಗರ್ ಸುರಿಯುತ್ತಾರೆ, ಒಂದು ಲೋಟ ಉಪ್ಪು ಹಾಕುತ್ತಾರೆ, ಪಾತ್ರೆ ತೊಳೆಯುವ ಸೋಪು ಸ್ವಲ್ಪ. ಕಲಸಿ ಕಳೆಯ ಮೇಲೆ ಹೊಡೆಯುತ್ತಾರೆ. ಮಾರನೇ ದಿನ ಎಲ್ಲ ಒಣಗಿ ಕಂದು ಬಣ್ಣ. ಕೆಳಗೆ "ಕೆಮಿಕಲ್ ಇಲ್ಲ, ವಿಷ ಇಲ್ಲ, ಎಲ್ಲಾ ಅಡುಗೆಮನೆ ಸಾಮಾನು" ಅಂತ ಬರೆದಿರುತ್ತದೆ.

ಇದರ ಬಗ್ಗೆ ಕೂತು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಯಾಕಂದ್ರೆ ಇದೇ ಮಿಶ್ರಣವನ್ನು ನಾನೂ ಹೊಡೆದಿದ್ದೆ. ಪೆಟ್ಟು ತಿಂದಿದ್ದು ಕಳೆಯಲ್ಲ, ನನ್ನ ಗುಲಾಬಿ ಗಿಡಗಳು.

ನಮ್ಮ ಮನೆಯ ಪಕ್ಕದಲ್ಲಿ ಕಲ್ಲು ಹಾಸಿದ ಸಣ್ಣ ದಾರಿ ಇದೆ. ಕಲ್ಲುಗಳ ಸಂದಿಯಲ್ಲಿ ಗರಿಕೆ, ಜೇಕು ಏಳುತ್ತಲೇ ಇದ್ದವು. ದಾರಿ ಸ್ವಲ್ಪ ಇಳಿಜಾರು. ಇಳಿಜಾರಿನ ಕೊನೆಗೆ ಗುಲಾಬಿ ಮಡಿ. ನಾಲ್ಕು ಲೀಟರ್ ವಿನೆಗರ್, ಒಂದು ಲೋಟ ಪುಡಿ ಉಪ್ಪು, ಒಂದು ಚಮಚ ಸೋಪು ಕಲಸಿ ಸುಡು ಮಧ್ಯಾಹ್ನ ಹೊಡೆದೆ. ಸಂಜೆಯೊಳಗೆ ಎಲೆಗಳು ಜೋತುಬಿದ್ದವು. ಮಾರನೇ ದಿನ ನೋಡಿದರೆ ಒಣಹುಲ್ಲು. ಅಷ್ಟು ಖುಷಿಯಾಗಿತ್ತು ಅಂದ್ರೆ, ಫೋಟೋ ತೆಗೆದು ಗೆಳೆಯರಿಗೂ ಕಳಿಸಿದೆ.

ಹತ್ತು ದಿನಕ್ಕೆ ಅದೇ ಸಂದಿಯಲ್ಲಿ ಹಸಿರು ಚಿಗುರು ಕಂಡಿತು. ಮತ್ತೆ ಹೊಡೆದೆ. ಮತ್ತೆ ಬಂತು. ಹೀಗೆ ಎಂಟು ಸಲ. ನಡುವೆ ಎರಡು ಜೋರು ಮಳೆ ಬಂದವು. ಆಮೇಲೆ ಗುಲಾಬಿ ಎಲೆಗಳ ತುದಿ ಸುಟ್ಟ ಹಾಗೆ ಆಗತೊಡಗಿತು. ಮೊದಲು ತುದಿ, ನಂತರ ಅಂಚಿನುದ್ದಕ್ಕೂ ಒಂದು ಕಂದು ಗೆರೆ, ಮಧ್ಯದಲ್ಲಿ ಮಾತ್ರ ಹಸಿರು. ನೀರು ಸಾಲುತ್ತಿಲ್ಲ ಅಂದುಕೊಂಡು ಹೆಚ್ಚು ನೀರು ಹಾಕಿದೆ. ರೋಗ ಇರಬಹುದು ಅಂತ ಎಲೆ ಕತ್ತರಿಸಿದೆ. ಎರಡು ಗಿಡ ಸತ್ತವು. ಮಣ್ಣು ಒಣಗಿದ ಮೇಲೆ ಬೆರಳಿಂದ ಕೆರೆದು ನೋಡಿದೆ. ಮೇಲೆ ತೆಳ್ಳಗೆ ಬಿಳಿ ಪುಡಿ, ಕೆಳಗೆ ಹೆಂಟೆ ಕಟ್ಟಿದ ಗಟ್ಟಿ ಮಣ್ಣು. ಆಗ ಅರ್ಥವಾಯಿತು.

ಲೆಕ್ಕ ಹಾಕಿ ನೋಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಒಂದು ಲೋಟ ಉಪ್ಪು ಅಂದರೆ ಸುಮಾರು 290 ಗ್ರಾಂ. ನಾಲ್ಕು ಲೀಟರಿಗೆ ಅಷ್ಟು ಹಾಕಿದರೆ ಲೀಟರಿಗೆ 70 ಗ್ರಾಂ ದಾಟುತ್ತದೆ. ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪು. ಎಂಟು ಸಲಕ್ಕೆ 2 ಕೆಜಿಗೂ ಜಾಸ್ತಿ. ಅಷ್ಟು ಉಪ್ಪನ್ನು ಯಾರಾದರೂ ಚೀಲದಲ್ಲಿ ತಂದು ನನ್ನ ಗುಲಾಬಿ ಮಡಿಯ ಮೇಲೆ ಸುರಿದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಆದರೆ ಸುರಿದವಳು ನಾನೇ.

ಹಾಗಾದರೆ ವಿನೆಗರ್ ಕೆಲಸ ಮಾಡುವುದೇ ಇಲ್ವಾ? ಮಾಡುತ್ತದೆ. ಆದರೆ ಎಲ್ಲಿ, ಎಷ್ಟು ಅನ್ನುವುದನ್ನು ವಿಡಿಯೋ ಹೇಳುವುದಿಲ್ಲ. ಅಡುಗೆಮನೆಯ ವಿನೆಗರ್‌ನಲ್ಲಿ ಸುಮಾರು 5 ಶೇಕಡಾ ಅಸಿಟಿಕ್ ಆಮ್ಲ ಇರುತ್ತದೆ. ಅದು ತಾಗಿದ ಎಲೆಯ ಜೀವಕೋಶಗಳ ಪೊರೆ ಹರಿದು ಒಳಗಿನ ನೀರು ಸೋರಿಹೋಗುತ್ತದೆ. ಬಿಸಿಲಿದ್ದರೆ ಎಲೆ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಆದರೆ ತಾಗಿದಲ್ಲಿ ಮಾತ್ರ. ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿಗೆ ಅದು ಇಳಿಯುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಫಲಿತಾಂಶ 2002ರಲ್ಲಿ ಹೊರಬಂತು. ಹುಟ್ಟಿ ಎರಡು ವಾರದೊಳಗಿನ ಕಳೆ 5, 10 ಶೇಕಡಾ ಆಮ್ಲಕ್ಕೇ ಸತ್ತಿತು. ಬಲಿತ ಕಳೆಗೆ ಇನ್ನೂ ಖಾರದ ದ್ರಾವಣ ಬೇಕಾಯಿತು. ಅಂದರೆ ಎರಡು ಎಲೆ, ನಾಲ್ಕು ಎಲೆ ಬಿಟ್ಟ ಪುಟ್ಟ ಸಸಿಗೆ ಸರಿ. ವರ್ಷಗಟ್ಟಲೆ ಬೇರು ಬಿಟ್ಟು ಕೂತ ಕಳೆಗೆ ಅದು ತಲೆ ಬೋಳಿಸಿದ ಹಾಗೆ ಅಷ್ಟೇ.

ಎಂಟನೇ ಸಲ ಹೊಡೆದ ಮೇಲೆ ಒಂದು ಕಲ್ಲು ಎಬ್ಬಿಸಿ ನೋಡಿದೆ. ಮೇಲೆ ಗರಿಕೆಯ ಎಲೆ ಪೂರ್ತಿ ಸುಟ್ಟಿತ್ತು. ಕೆಳಗೆ ಹಂಬು ಬೆಳ್ಳಗೆ, ಗಟ್ಟಿಯಾಗಿ, ಒಂದೊಂದು ಗೆಣ್ಣಿಗೂ ಬೇರು ಬಿಟ್ಟು ಮಲಗಿತ್ತು. ಗೆಣ್ಣಿನಲ್ಲಿ ಸೂಜಿಯಂಥ ಚಿಗುರು ಹೊರಬರಲು ಸಿದ್ಧವಾಗಿತ್ತು. ಜೇಕಿನದ್ದು ಇನ್ನೂ ಬೇರೆ ಕಥೆ. ಕೆಲವರು ಕೊನ್ನಾರಿ ಅಂತಾರಲ್ಲ, ಅದೇ. ಎಳೆದರೆ ಮೇಲಿನ ಹುಲ್ಲು ಕೈಗೆ ಬರುತ್ತದೆ. ಗಡ್ಡೆ ಅಲ್ಲೇ ಉಳಿಯುತ್ತದೆ. ಸಣ್ಣ ಸಲಿಕೆಯಿಂದ ನಿಧಾನವಾಗಿ ಅಗೆದರೆ ಒಂದು ಗಡ್ಡೆಯಿಂದ ದಾರದ ಹಾಗೆ ಬೇರು, ಅದರ ತುದಿಗೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಮಣಿಸರ ಎಳೆದ ಹಾಗೆ ಬರುತ್ತದೆ. ಇದರ ಎಲೆ ಸುಟ್ಟರೆ ಗಡ್ಡೆಗೆ ಏನು ನಷ್ಟ? ಒಳಗೆ ಕೂಡಿಟ್ಟ ಆಹಾರದಲ್ಲಿ ಮತ್ತೆ ಎಲೆ ಬಿಡುತ್ತದೆ.

ನನ್ನ ಮುಖ್ಯ ಮಾತು ಇಲ್ಲಿದೆ. ಈ ಮದ್ದು ಎಷ್ಟು ಪರಿಣಾಮಕಾರಿ ಅನ್ನುವುದು ಒಂದು ಪ್ರಶ್ನೆ, ಎಷ್ಟು ಸುರಕ್ಷಿತ ಅನ್ನುವುದು ಇನ್ನೊಂದು ಪ್ರಶ್ನೆ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಮಡಿಯಲ್ಲಿ ಅವೆರಡೂ ಒಂದೇ ಆಗಿದ್ದವು. ಬೇರು ಸಾಯಲಿಲ್ಲ, ಅದಕ್ಕೇ ಮತ್ತೆ ಮತ್ತೆ ಹೊಡೆದೆ. ಮತ್ತೆ ಮತ್ತೆ ಹೊಡೆದೆ, ಅದಕ್ಕೇ ಮಣ್ಣು ಹಾಳಾಯಿತು.

ವಿನೆಗರ್ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಬೇಗ ತಿಂದು ಮುಗಿಸುತ್ತವೆ. ಉಪ್ಪು ಹಾಗಲ್ಲ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ನೀರು ಹರಿದ ಕಡೆ ಹರಿಯುತ್ತದೆ, ನೀರು ನಿಂತಲ್ಲಿ ನಿಲ್ಲುತ್ತದೆ. ಉಪ್ಪಿನ ಮಣ್ಣಿನಿಂದ ಬೇರು ನೀರು ಎಳೆದುಕೊಳ್ಳಲಾರದು. ಮಣ್ಣು ಒದ್ದೆಯಾಗಿದ್ದರೂ ಗಿಡಕ್ಕೆ ಬಾಯಾರಿಕೆ. ನನ್ನ ಗುಲಾಬಿಗೆ ಆಗಿದ್ದು ಅದೇ. ಅದರ ಜೊತೆ ಉಪ್ಪಿನಲ್ಲಿರುವ ಸೋಡಿಯಂ ಜೇಡಿ ಮಣ್ಣಿನ ಕಣಗಳನ್ನು ಒಂದರಿಂದ ಒಂದು ಬಿಡಿಸಿಬಿಡುತ್ತದೆ. ಬಿಡಿ ಕಣಗಳು ಮಣ್ಣಿನ ಸಣ್ಣ ಸಣ್ಣ ತೂತುಗಳನ್ನು ಮುಚ್ಚುತ್ತವೆ. ಮಳೆ ಬಂದರೆ ಅಂಟು, ಬಿಸಿಲು ಬಂದರೆ ಕಲ್ಲು. ನೀರೂ ಇಳಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ಎರೆಹುಳು ಅಲ್ಲಿ ಬದುಕುವುದಿಲ್ಲ. ಅಡುಗೆ ಸೋಡಾ ಹಾಕುವವರೂ ಸೋಡಿಯಂ ಅನ್ನೇ ಹಾಕುತ್ತಿದ್ದಾರೆ.

ಉಪ್ಪಿನ ಬದಲು ಎಪ್ಸಮ್ ಸಾಲ್ಟ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದು ಮೆಗ್ನೀಸಿಯಂ ಸಲ್ಫೇಟ್. ಗಿಡಕ್ಕೆ ಮೆಗ್ನೀಸಿಯಂ ಕಮ್ಮಿಯಾದಾಗ ಗೊಬ್ಬರವಾಗಿ ಕೊಡುವ ವಸ್ತು! ಸೋಪು ಕಳೆಯನ್ನು ಕೊಲ್ಲುವುದಕ್ಕಲ್ಲ. ಎಲೆಯ ಮೇಣದ ಮೇಲೆ ಹನಿ ಜಾರದೆ ಹರಡಿಕೊಳ್ಳಲಿ ಅಂತ. ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ.

ಈಗ ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯಕ್ಕೆ ಬರುತ್ತೇನೆ. 5 ಶೇಕಡಾದಲ್ಲಿ ಕಳೆ ಸಾಯದಿದ್ದಾಗ ಜನ 20, 30 ಶೇಕಡಾದ ವಿನೆಗರ್ ಹುಡುಕುತ್ತಾರೆ. ಇನ್ನೂ ಕೆಲವರು ನೇರವಾಗಿ ಗ್ಲೇಶಿಯಲ್ ಅಸಿಟಿಕ್ ಆಮ್ಲ ತಂದು ನೀರು ಬೆರೆಸುತ್ತಾರೆ. ಅದು ಹೆಚ್ಚುಕಡಿಮೆ ಶುದ್ಧ ಆಮ್ಲ. 11 ಶೇಕಡಾ ದಾಟಿದರೆ ಸಾಕು, ಚರ್ಮ ಸುಡಬಹುದು, ಕಣ್ಣಿಗೆ ಗಾಯವಾಗಬಹುದು. 20ರ ಮೇಲೆ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ನನ್ನ ತಂಗಿ ಒಮ್ಮೆ ಇಂಥ ಗಟ್ಟಿ ವಿನೆಗರ್ ಹೊಡೆಯುತ್ತಿದ್ದಾಗ ಗಾಳಿ ತಿರುಗಿತು. ಕನ್ನಡಕ ಇತ್ತು, ಬದುಕಿದಳು. ಕೆನ್ನೆ ಮೇಲೆ ಬಿದ್ದ ಹನಿಗಳು ಕೆಂಪಗೆ ಚುಕ್ಕಿ ಚುಕ್ಕಿ ಆಗಿ ಒಂದು ವಾರ ಉಳಿದಿದ್ದವು. ಅವಳ ಮಗು ಹತ್ತು ಹೆಜ್ಜೆ ದೂರದಲ್ಲಿ ಆಡುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಕಾಯಬೇಡಿ. ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ಕಣ್ಣು ಬಿಡಿಸಿ ತೊಳೆಯಿರಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ಬ್ಲೀಚ್ ಬಗ್ಗೆ ಒಂದೇ ಮಾತು: ಬೇಡ. ವಿನೆಗರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದ ಸಮಯದಲ್ಲಿ, ಬೆಲ್ಜಿಯಂನ ಇಪ್ರ್ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ಒಂದು ದಿನ ವಿನೆಗರ್ ತುಂಬಿದ್ದ ಸ್ಪ್ರೇಯರ್ ಅನ್ನು ತೊಳೆಯದೆ ಮಾರನೇ ದಿನ ಅದಕ್ಕೇ ಬ್ಲೀಚ್ ತುಂಬುವವರಿದ್ದಾರೆ. ದಯವಿಟ್ಟು ಬೇಡ. ಸೀಮೆಎಣ್ಣೆ, ಡೀಸೆಲ್ ಸುರಿಯುವುದೂ ಬೇಡ. ಮಣ್ಣು ಕೆಡುತ್ತದೆ, ಕೆಳಗಿನ ನೀರು ಕೆಡುತ್ತದೆ, ಬೆಂಕಿಯ ಭಯ ಬೇರೆ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಉಳಿದ ಮಿಶ್ರಣವನ್ನು ನಾವು ಎಲ್ಲಿ ಇಡುತ್ತೇವೆ? ಖಾಲಿ ತಂಪುಪಾನೀಯದ ಬಾಟಲಿಯಲ್ಲಿ, ಅಲ್ವಾ? ಅಂಗಡಿಯ ಕಳೆನಾಶಕದ ಡಬ್ಬಿ ಮೇಲೆ ಏನಿದೆ, ಎಷ್ಟಿದೆ, ನುಂಗಿದರೆ ಏನು ಮಾಡಬೇಕು ಅಂತ ಬರೆದಿರುತ್ತದೆ. ನಮ್ಮ ಬಾಟಲಿ ಮೇಲೆ ಕಿತ್ತಳೆ ಹಣ್ಣಿನ ಚಿತ್ರ ಇರುತ್ತದೆ.

"ಕೆಮಿಕಲ್ ಇಲ್ಲ" ಅನ್ನುವ ಮಾತೇ ನಮ್ಮನ್ನು ಇಷ್ಟು ಉದಾಸೀನ ಮಾಡಿಸುವುದು. ಅಸಿಟಿಕ್ ಆಮ್ಲ ಕೆಮಿಕಲ್, ಉಪ್ಪೂ ಕೆಮಿಕಲ್. ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟು ನೋಡುವ ಪರೀಕ್ಷೆಯಲ್ಲಿ, ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣ ಉಪ್ಪಿಗೆ ದೇಹದ ತೂಕದ ಕೆಜಿಗೆ ಸುಮಾರು 3 ಗ್ರಾಂ, ಅಸಿಟಿಕ್ ಆಮ್ಲಕ್ಕೆ ಸುಮಾರು 3.3 ಗ್ರಾಂ. ಅಂಗಡಿಯ ಎಷ್ಟೋ ಕಳೆನಾಶಕಗಳಲ್ಲಿರುವ ಗ್ಲೈಫೋಸೇಟ್ ಅನ್ನುವ ಕೆಮಿಕಲ್ ಶುದ್ಧವಾಗಿದ್ದರೆ 4 ಗ್ರಾಂಗಿಂತಲೂ ಜಾಸ್ತಿ ಬೇಕು. ಹಾಗಂತ ಗ್ಲೈಫೋಸೇಟ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಈ ಅಂಕಿ ಹೇಳುವುದು ಒಮ್ಮೆಲೇ ನುಂಗಿದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ, ವರ್ಷಗಟ್ಟಲೆ ಒಡನಾಟದ ಬಗ್ಗೆ ಅಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗ್ಲೈಫೋಸೇಟನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತು. ಆ ಭಯದಿಂದಲೇ ಎಷ್ಟೋ ಜನ ಮನೆಮದ್ದಿನ ಕಡೆ ಬಂದಿದ್ದಾರೆ. ನಾನೂ ಹಾಗೇ ಬಂದವಳು. ಆ ಭಯ ತಪ್ಪಲ್ಲ. ಅದನ್ನು ಬಿಟ್ಟು ಬಂದ ಮೇಲೆ ಕೈಯಲ್ಲಿ ಹಿಡಿದಿದ್ದು ಏನು ಅಂತ ನೋಡದೇ ಇದ್ದಿದ್ದು ನನ್ನ ತಪ್ಪು.

ಹಾಗಾದರೆ ಈಗ ಏನು ಮಾಡುತ್ತೇನೆ ಅಂತ ಕೇಳಬಹುದು.

ಕಲ್ಲಿನ ಸಂದಿಗೆ ಕುದಿಯುವ ನೀರು. ಮನೆಮದ್ದುಗಳಲ್ಲಿ ನನಗೆ ಪೂರ್ತಿ ನಂಬಿಕೆ ಇರುವುದು ಇದೊಂದರ ಮೇಲೆ. ಆರಿದ ಮೇಲೆ ಬರೀ ನೀರು, ಹಿಂದೆ ಏನೂ ಉಳಿಯುವುದಿಲ್ಲ. ಇದಕ್ಕೂ ಆಳದ ಬೇರು ಒಂದೇ ಸಲಕ್ಕೆ ಸಾಯುವುದಿಲ್ಲ, ಎರಡು ಮೂರು ವಾರಕ್ಕೊಮ್ಮೆ ಹಾಕಬೇಕು. ಆದರೆ ಎಷ್ಟು ಸಲ ಹಾಕಿದರೂ ಮಣ್ಣಿನಲ್ಲಿ ಏನೂ ಸೇರಿಕೊಳ್ಳುವುದಿಲ್ಲ, ಅದೇ ದೊಡ್ಡ ವ್ಯತ್ಯಾಸ. ಮೂತಿ ಇರುವ ಕೆಟಲ್ ಇಟ್ಟುಕೊಳ್ಳಿ, ಬೂಟು ಹಾಕಿಕೊಳ್ಳಿ, ಮಕ್ಕಳನ್ನು ಒಳಗೆ ಕಳಿಸಿ. ಬೇಕಾದ ಗಿಡದ ಬುಡದ ಹತ್ತಿರ ಹಾಕಬೇಡಿ, ಅದರ ಬೇರೂ ಬೇಯುತ್ತದೆ.

ಮಡಿಯಲ್ಲಿ ಹೊದಿಕೆ. ಒಣ ಎಲೆ, ಹುಲ್ಲು, ಮರದ ಚಕ್ಕೆ, ಏನು ಸಿಕ್ಕರೂ ಸರಿ. 5ರಿಂದ 10 ಸೆಂಟಿಮೀಟರ್ ದಪ್ಪ ಇರಬೇಕು. ತೆಳ್ಳಗೆ ಉದುರಿಸಿದರೆ ಪ್ರಯೋಜನ ಇಲ್ಲ. ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಿ. ಬೆಳಕು ಸಿಗದಿದ್ದರೆ ಎಷ್ಟೋ ಕಳೆ ಬೀಜಗಳು ಮೊಳೆಯುವುದೇ ಇಲ್ಲ. ಮಣ್ಣು ಅಗೆದಾಗಲೆಲ್ಲ ಕೆಳಗಿದ್ದ ಬೀಜ ಬೆಳಕಿಗೆ ಬರುತ್ತದೆ, ಅದಕ್ಕೇ ಸುಮ್ನೆ ಸುಮ್ನೆ ಅಗೆಯುವುದನ್ನೂ ಬಿಟ್ಟಿದ್ದೇನೆ. ಬೀಜದ ತಾಳ್ಮೆ ಎಂಥದ್ದು ಗೊತ್ತಾ? 1879ರಲ್ಲಿ ವಿಲಿಯಂ ಬೀಲ್ ಅನ್ನುವ ಸಸ್ಯವಿಜ್ಞಾನಿ ಮಿಷಿಗನ್‌ನಲ್ಲಿ 20 ಬಾಟಲಿಗಳಲ್ಲಿ ಕಳೆ ಬೀಜ ತುಂಬಿ ಮಣ್ಣಿನಲ್ಲಿ ಹೂತಿಟ್ಟರು. 2021ರಲ್ಲಿ ಒಂದು ಬಾಟಲಿ ಹೊರತೆಗೆದು ಬಿತ್ತಿದಾಗ ಕೆಲವು ಬೀಜ ಮೊಳಕೆ ಬಿಟ್ಟವು! 140 ವರ್ಷ ದಾಟಿದ ಮೇಲೆ. ಇದನ್ನು ಓದಿದ ದಿನದಿಂದ ಕಳೆ ಹೂ ಬಿಡುವ ಮುಂಚೆ ಕಿತ್ತುಬಿಡುವುದು ನನಗೆ ಅಭ್ಯಾಸವಾಗಿದೆ. ಒಂದು ಸಲಕ್ಕೆ ಪೂರ್ತಿ ಮುಗಿಯಬೇಕು ಅನ್ನುವ ಹಟವೂ ಹೋಗಿದೆ.

ಉಳಿದಿದ್ದು ಕೈ. ಮಳೆ ಬಂದ ಮಾರನೇ ದಿನ ಮಣ್ಣು ಮೆತ್ತಗಿರುವಾಗ ಅರ್ಧ ಗಂಟೆ. ಜೇಕಿಗೆ ಉದ್ದ ಮೂತಿಯ ಸಲಿಕೆ, ಗಡ್ಡೆ ಸಮೇತ ಎತ್ತಬೇಕು. ಎತ್ತಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೂ ಚಿಗುರುತ್ತದೆ.

ಬರೀ 5 ಶೇಕಡಾದ ವಿನೆಗರನ್ನು, ಉಪ್ಪು ಇಲ್ಲದೆ, ಎರಡು ಹನಿ ಸೋಪು ಹಾಕಿ ಈಗಲೂ ಕೆಲವೊಮ್ಮೆ ಹೊಡೆಯುತ್ತೇನೆ. ಗಾಳಿ ಇಲ್ಲದ ಬಿಸಿಲಿನ ದಿನ, ಕನ್ನಡಕ ಕೈಗವಸು ಹಾಕಿಕೊಂಡು, ಪುಟ್ಟ ಸಸಿಗಳ ಮೇಲೆ ಮಾತ್ರ. ಸುಣ್ಣದ ಕಲ್ಲು, ಅಮೃತಶಿಲೆ, ಸಿಮೆಂಟ್ ಮೇಲೆ ಬಿದ್ದರೆ ಆಮ್ಲ ಅದನ್ನು ಕೊರೆಯುತ್ತದೆ, ನೋಡಿಕೊಳ್ಳಿ. ಅಷ್ಟೇ ಕಲಸುತ್ತೇನೆ, ಅವತ್ತೇ ಮುಗಿಸುತ್ತೇನೆ, ಬಾಟಲಿಯಲ್ಲಿ ಉಳಿಸಿ ಇಡುವುದಿಲ್ಲ.

ಗುಲಾಬಿ ಮಡಿಯ ಬಗ್ಗೆ ಕೇಳಿದವರಿಗೆ: ಮೊದಲು ಮೇಲಿನ ಬಿಳಿ ಪುಡಿ ಕೆರೆದು ತೆಗೆದೆ. ನೀರು ಹರಿದುಹೋಗಲು ಒಂದು ಕಾಲುವೆ ತೋಡಿದೆ. ಜಿಪ್ಸಂ ಹಾಕಿದೆ, ಅದರ ಕ್ಯಾಲ್ಸಿಯಂ ಮಣ್ಣು ಹಿಡಿದಿಟ್ಟ ಸೋಡಿಯಂ ಅನ್ನು ಬಿಡಿಸುತ್ತದೆ. ಆಮೇಲೆ ಸಿಹಿನೀರು ಧಾರಾಳವಾಗಿ ಬಿಟ್ಟು ತೊಳೆದೆ, ಕೊಳೆತ ಗೊಬ್ಬರ ಸೇರಿಸಿದೆ. ಎರಡು ಮಳೆಗಾಲ ಕಳೆಯಿತು. ಕಾಲುವೆ ಪಕ್ಕದ ಸಾಲಿನಲ್ಲಿ ಮೂರು ಹೊಸ ಗಿಡ ಹಿಡಿದಿವೆ, ಒಂದರಲ್ಲಿ ಮೊಗ್ಗಿದೆ. ಕಲ್ಲಿನ ದಾರಿಗೆ ತಾಗಿದ ಕಡೆ ಒಂದು ಚಾಪೆಯಷ್ಟು ಜಾಗ ಇನ್ನೂ ಬೋಳಾಗಿಯೇ ಇದೆ. ಅಲ್ಲಿ ಹುಲ್ಲೂ ಬಂದಿಲ್ಲ.