ನಮ್ಮ ಉದ್ಧಾರಕ್ಕೊಂದು ಮೇಲ್

ನಮ್ಮ ಆಫೀಸಲ್ಲಿ ಒಬ್ರು ಸೀನಿಯರ್ ಇದಾರೆ, ಏನೇ ಫಾರ್ವರ್ಡ್ ಮಾಡಿದ್ರೂ ಮೇಲೊಂದು ಸಾಲು ಇರ್ಲೇಬೇಕು, 'ಫಾರ್ ಯುವರ್ ಎಡಿಫಿಕೇಶನ್' ಅಂತ, ಅಂದ್ರೆ ನಿಮ್ಮ ಉದ್ಧಾರಕ್ಕೆ. ಉಳಿದೋರೆಲ್ಲ ಎಫ್‌ವೈಐ, ಅಂದ್ರೆ ನಿಮ್ಮ ಮಾಹಿತಿಗೆ, ಅಂತ ಮುಗಿಸ್ತಾರೆ. ಇವರಿಗೆ ವಿಷಯ ತಿಳಿಸಿದ್ರೆ ಸಾಲದು, ನಾವು ಸುಧಾರಿಸಲೂ ಬೇಕು.

ಇವತ್ತಿಂದು, ಪೇಪರ್ ಉಳಿಸಿ, ಎರಡೂ ಬದಿ ಪ್ರಿಂಟ್ ತೆಗೀರಿ ಅನ್ನೋ ಸರ್ಕ್ಯುಲರ್. ಮೇಲ್ ಮಾಡಿದ್ದು ಸಾಲದೆ ಮೀಟಿಂಗಲ್ಲಿ ಕನ್ನಡಕ ತೆಗೆದು, ಎಡಿ... ಫಿ... ಕೇಶನ್ ಅಂತ ಬಿಡಿಸಿ ಬಿಡಿಸಿ ಹೇಳಿ, ತಲೆಗೊಂದು ಕಾಪಿ ಹಂಚಿದ್ರು. ಎರಡು ಪುಟದ್ದು, ಎರಡು ಹಾಳೆ, ಹಿಂದ್ಗಡೆ ಖಾಲಿ! ಹೊಸ ಹುಡುಗ ಪಾಪ ಹಾಳೆ ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ, ಆಮೇಲೆ ನನ್ನ ಮುಖ ನೋಡಿದ. ನಾನು ಸೀಲಿಂಗ್ ನೋಡ್ದೆ.

ಪದದ ಮೇಲೆ ನಂಗೇನೂ ಸಿಟ್ಟಿಲ್ಲ. ಲ್ಯಾಟಿನ್‌ನಲ್ಲಿ ಮನೆ ಕಟ್ಟೋದು ಅಂತಿದ್ದಿದ್ದು ಕ್ರೈಸ್ತರ ಬರಹಗಳಲ್ಲಿ ಮನುಷ್ಯನ ಒಳಗನ್ನ ಕಟ್ಟೋದು ಅಂತಾಯ್ತು, ಭಾರಿ ಕಟ್ಟಡಕ್ಕೆ ಎಡಿಫಿಸ್ ಅಂತಾರಲ್ಲ ಅದೂ ಇದೇ ಮನೆತನ. 1611ರ ಕಿಂಗ್ ಜೇಮ್ಸ್ ಬೈಬಲಲ್ಲಿ, ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಇದರ ಕ್ರಿಯಾಪದ ಎಡಿಫೈ ಬರುತ್ತೆ: ಜ್ಞಾನ ಉಬ್ಬಿಸುತ್ತೆ, ಪ್ರೀತಿ ಕಟ್ಟುತ್ತೆ ಅಂತ. ನಮ್ಮ ಸೀನಿಯರ್ ಮೊದಲ ಅರ್ಧಕ್ಕೇ ನಿಂತಿದಾರೆ.

ಈಗಂತೂ ಇಂಗ್ಲಿಷ್ ಪೇಪರಲ್ಲಿ ಇದು ಹೆಚ್ಚಾಗಿ ಕಾಣೋದು ಅನ್‌ಎಡಿಫೈಯಿಂಗ್ ಅಂತ, ಅಂದ್ರೆ ನೋಡೋಕೆ ಶೋಭೆಯಲ್ಲದ್ದು, ಸದನದಲ್ಲಿ ಕಿತ್ತಾಡಿದಾಗ. 'ಫಾರ್ ಯುವರ್ ಎಡಿಫಿಕೇಶನ್' ಅನ್ನೋದನ್ನ ಎಷ್ಟೋ ಸಲ ಕೊಂಕಿಗೇ ಬಳಸ್ತಾರೆ, ನಾವು 'ಉದ್ಧಾರ ಆದ ಹಾಗೇ ಇದೆ' ಅಂತೀವಲ್ಲ ಹಾಗೆ. ಆದ್ರೆ ಇವರದ್ದು ಕೊಂಕಲ್ಲ, ನಿಜವಾಗ್ಲೂ ನಮ್ಮ ಉದ್ಧಾರಕ್ಕೇ ಕಳಿಸ್ತಾರೆ, ಅದೇ ತಲೆನೋವು. ಕೊಂಕಾಗಿದ್ರೆ ತಿರುಗಿಸಿ ಒಂದು ಕೊಡಬಹುದಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ರು ಮೇಡಂ ಇದ್ರು, ನನ್ನ ಡ್ರಾಫ್ಟ್ ತಿದ್ದಿ ಸುಮ್ನೆ ಟೇಬಲ್ ಮೇಲಿಟ್ಟು ಹೋಗ್ತಿದ್ರು. ಪೆನ್ಸಿಲಲ್ಲಿ, ಬೇಡ ಅನ್ನಿಸಿದ್ರೆ ಅಳಿಸ್ಕೊಳ್ಳಲಿ ಅಂತ. ನೆಟ್ಟಗೆ ಒಂದು ಪತ್ರ ಬರೆಯೋಕೆ ಬಂದಿದ್ದು ಅವರಿಂದ. ಈ ಪದ ಅವರ ಬಾಯಲ್ಲಿ ಒಂದಿನಾನೂ ಕೇಳಿಲ್ಲ.

ಇವರು ಮಾತ್ರ ಈಗಷ್ಟೇ ರಿಮೈಂಡರ್ ಕಳಿಸಿದಾರೆ, ಓದಿದೀರಾ ಅಂತ, ಇಡೀ ಆಫೀಸಿಗೆ ಸಿಸಿ ಹಾಕಿ. ಯಾರೋ ಪುಣ್ಯಾತ್ಮ ರಿಪ್ಲೈ ಆಲ್ ಒತ್ತಿ 'ನೋಟೆಡ್ ಸರ್' ಅಂದಿದಾನೆ, ಇನ್ನು ಒಬ್ಬೊಬ್ರೇ ಅಂತಾರೆ.