ಐದು ಸಲ ಕಪ್ಪು ಬಂದರೆ ಆರನೇದು ಕೆಂಪೇನಾ?

ಗೋವಾಕ್ಕೆ ಹೊರಟವರ ವಾಟ್ಸಾಪ್ ಗುಂಪುಗಳಲ್ಲಿ ರೂಲೆಟ್ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಬಣ್ಣದ ಮನೆಯಲ್ಲಿ ನಿಲ್ಲುತ್ತದೆ ಎಂದು ಹಣ ಕಟ್ಟುವ ಕ್ಯಾಸಿನೋ ಆಟ) ಬಗ್ಗೆ ಒಂದು ಸಲಹೆ ಓಡಾಡುತ್ತದೆ: ‘ರೂಲೆಟ್‌ನಲ್ಲಿ ಸತತ ಐದು ಸಲ ಕಪ್ಪು ಬಂದರೆ ಮುಂದೆ ಕೆಂಪು ಗ್ಯಾರಂಟಿ. ಸೋತರೆ ದುಪ್ಪಟ್ಟು ಕಟ್ಟಿ, ನಷ್ಟವೇ ಇಲ್ಲ.’

ಸತ್ಯಾಂಶ: ಎರಡೂ ತಪ್ಪು. ಚಕ್ರಕ್ಕೆ ನೆನಪಿಲ್ಲ. ಒಂದೇ ಸೊನ್ನೆ ಇರುವ ಚಕ್ರದಲ್ಲಿ 37 ಮನೆಗಳು. 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಹಿಂದೆ ಏನೇ ಬಂದಿರಲಿ, ಕೆಂಪಿನ ಸಾಧ್ಯತೆ ಪ್ರತಿ ಸಲವೂ ಸುಮಾರು 48.6%. ಆ ಸೊನ್ನೆಯೇ ಕ್ಯಾಸಿನೋದ ಸಂಪಾದನೆ: ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2.70 ಅವರದ್ದು.

1913ರಲ್ಲಿ ಯುರೋಪಿನ ಮೊನಾಕೊದ ಮಾಂಟೆ ಕಾರ್ಲೊ ಕ್ಯಾಸಿನೋದಲ್ಲಿ ಸತತ 26 ಸಲ ಕಪ್ಪೇ ಬಂತು. ‘ಈಗ ಕೆಂಪು ಬಂದೇ ಬರುತ್ತೆ’ ಎಂದು ಕಟ್ಟುತ್ತಾ ಹೋದವರು ಭಾರೀ ಹಣ ಕಳೆದುಕೊಂಡರು.

ದುಪ್ಪಟ್ಟಿನ ಲೆಕ್ಕ ಇನ್ನೂ ಕೆಟ್ಟದ್ದು. 100ರಿಂದ ಶುರುಮಾಡಿ ಎಂಟು ಸಲ ಸೋತರೆ 25,500 ಹೋಯಿತು. ಒಂಬತ್ತನೇ ಸಲಕ್ಕೆ 25,600 ಬೇಕು, ಗೆದ್ದರೂ ಕೈಗೆ ಬರುವ ಲಾಭ ಬರೀ 100! ಅಷ್ಟರಲ್ಲಿ ಒಂದು ಸಲಕ್ಕೆ ಇಷ್ಟೇ ಕಟ್ಟಬಹುದು ಎಂಬ ಮೇಜಿನ ಗರಿಷ್ಠ ಮಿತಿಯೂ ಅಡ್ಡ ಬರಬಹುದು.

ಹೋಗಲೇಬೇಕು ಅಂದ್ರೆ, ಸಿನಿಮಾ ಟಿಕೆಟ್‌ನಂತೆ ಖರ್ಚಾಗಿಯೇ ಹೋಯಿತು ಎಂದುಕೊಳ್ಳುವಷ್ಟು ನಗದು ಮಾತ್ರ ಒಯ್ಯಿರಿ. ಎಟಿಎಂ ಕಾರ್ಡು ಹೋಟೆಲ್ ರೂಮಿನಲ್ಲೇ ಇರಲಿ. ಸಾಲ ಮಾಡಿ ಆಡುವ, ಮನೆಯಲ್ಲಿ ಮುಚ್ಚಿಡುವ ಹಂತಕ್ಕೆ ಬಂದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು.