ಮಲೆನಾಡಿನಲ್ಲಿ ಕರೆಂಟ್ ಹೋಗಲು ಗಾಳಿಯಂತ್ರ ಕಾರಣವೇ?

"ಚಿತ್ರದುರ್ಗದಲ್ಲಿ ಗಾಳಿ ನಿಂತರೆ ಶಿವಮೊಗ್ಗದಲ್ಲಿ ಕರೆಂಟ್ ಹೋಗುತ್ತದೆ" ಎಂಬ ಸಂದೇಶ ಮಳೆಗಾಲ ಬಂದರೆ ಸಾಕು, ಹರಿದಾಡುತ್ತದೆ. ಇದು ತಪ್ಪು. ನಮ್ಮಲ್ಲಿ ಗಾಳಿ ವಿದ್ಯುತ್ ಹೆಚ್ಚು ಸಿಗುವುದೇ ಮುಂಗಾರಿನಲ್ಲಿ.

ಗಾಳಿ ಏರಿಳಿಯುವುದು ನಿಜ. ವೇಗ ಅರ್ಧಕ್ಕಿಳಿದರೆ ಗಾಳಿಯಲ್ಲಿರುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅದಕ್ಕೇ ದಿನವನ್ನು 15 ನಿಮಿಷದ 96 ಭಾಗ ಮಾಡಿ, ಪ್ರತಿ ಭಾಗಕ್ಕೂ ಎಷ್ಟು ವಿದ್ಯುತ್ ಬರುತ್ತದೆಂದು ಮೊದಲೇ ಅಂದಾಜಿಸುತ್ತಾರೆ. ಲೆಕ್ಕ ತಪ್ಪಿ ಬೇಡಿಕೆಗಿಂತ ಉತ್ಪಾದನೆ ಕಡಿಮೆಯಾದರೆ ಗ್ರಿಡ್‌ನ (ಎಲ್ಲ ಕೇಂದ್ರಗಳನ್ನೂ ಊರುಗಳನ್ನೂ ಬೆಸೆಯುವ ವಿದ್ಯುತ್ ಜಾಲದ) ಆವರ್ತನ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಆವೃತ್ತಿ ಮುಗಿಸುತ್ತದೆಂಬ ಲೆಕ್ಕ, 50 ಹರ್ಟ್ಜ್‌ಗಿಂತ ಕೆಳಗೆ ಜಾರುತ್ತದೆ; ಆಗ ಬೇರೆ ಮೂಲದ ಉತ್ಪಾದನೆ ಏರಬೇಕು. ನಮಗೆ ಈ ಆಸರೆ ಶರಾವತಿ ಜಲವಿದ್ಯುತ್ ಕೇಂದ್ರ: 103.5 ಮೆಗಾವ್ಯಾಟ್‌ನ 10 ಘಟಕ, ಒಟ್ಟು 1035 ಮೆಗಾವ್ಯಾಟ್. ಅಲ್ಲಿನ ಪೆಲ್ಟನ್ ಚಕ್ರಕ್ಕೆ (ನೀರಿನ ರಭಸಕ್ಕೆ ತಿರುಗುವ ಟರ್ಬೈನ್) ಚಿಮ್ಮುವ ನೀರನ್ನು ಹೆಚ್ಚಿಸಿದರೆ ಉತ್ಪಾದನೆ ಬೇಗ ಏರುತ್ತದೆ; ಕಲ್ಲಿದ್ದಲ ಬಾಯ್ಲರ್‌ಗೆ ಗಂಟೆಗಳೇ ಬೇಕು.

ಹಾಗಾದರೆ ಕರೆಂಟ್ ಹೋಗುವುದೇಕೆ? ಬಹುತೇಕ ಸಲ ಕಾಡಿನ ನಡುವಿನ 11 ಕೆವಿ (11,000 ವೋಲ್ಟ್) ಲೈನ್ ಮೇಲೆ ಕೊಂಬೆ ಬಿದ್ದಿರುತ್ತದೆ, ಇಲ್ಲವೇ ಸಿಡಿಲಿಗೆ ಕಂಬದಲ್ಲಿ ತಂತಿ ಹಿಡಿದಿಡುವ ಇನ್ಸುಲೇಟರ್ ಒಡೆದಿರುತ್ತದೆ. ಆಗ ಫೀಡರ್ (ಉಪಕೇಂದ್ರದಿಂದ ಊರಿಗೆ ಬರುವ ಲೈನ್) ಟ್ರಿಪ್ ಆಗುತ್ತದೆ, ಅಂದರೆ ತಾನಾಗಿ ಕಡಿತವಾಗುತ್ತದೆ. ಪಕ್ಕದ ಊರಲ್ಲಿ ದೀಪ ಉರಿಯುತ್ತಿದ್ದರೆ ದೋಷ ಹೆಚ್ಚಾಗಿ ನಿಮ್ಮ ಲೈನಿನದೇ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ತಿಳಿಸಿ, ಹರಿದ ತಂತಿಯನ್ನಂತೂ ಮುಟ್ಟಲೇಬೇಡಿ.